ಬಾಗಿಲ ಕಡೆ ಮುಖ ಮಾಡಿದ ಚಪ್ಪಲಿ

ಬೆಳಗಿನ ಐದೂಕಾಲು. ಚಿತ್ರೀಕರಣಕ್ಕೆಂದು ಬಾಡಿಗೆಗೆ ಹಿಡಿದ ಮನೆಯ ಹಿಂದಿನ ಕೋಣೆ. ಹೊಸ್ತಿಲ ಒಳಗೆ ಬಾಗಿಲ ಕಡೆ ಮುಖ ಮಾಡಿಟ್ಟ ಒಂದು ಜೊತೆ ಚಪ್ಪಲಿಯನ್ನು ಎಡವಿಯೇ ನಾನು ಒಳಹೋಗುತ್ತೇನೆ. ಇಲ್ಲಿ ಬಟ್ಟೆಬರೆ ನೋಡಿಕೊಳ್ಳುವವರು, ಎಲ್ಲರ ಬಾಯಲ್ಲೂ ಇಸ್ತ್ರಿಯಕ್ಕ, ಒದ್ದೆ ಬೆರಳನ್ನು ಇಸ್ತ್ರಿಪೆಟ್ಟಿಗೆಗೆ ತಾಗಿಸಿ ಚುಂಯ್ ಅನ್ನಿಸುತ್ತಾರೆ. ನಾಯಕನ ನೀಲಿ ಅಂಗಿ ಮೂರು ಇವೆ: ಹೊಸದು, ಮಾಸಿದ್ದು, ಜಗಳದಲ್ಲಿ ಹರಿದದ್ದು. ಮೂರೂ ಒಂದೇ ಅಂಗಿ ಎಂದು ನಮ್ಮನ್ನು ನಂಬಿಸುವುದು ಈಕೆಯ ಕೆಲಸ.

ಇದು ಸ್ವತಂತ್ರವಾಗಿ, ಕೈಲಾದಷ್ಟರಲ್ಲಿ ತೆಗೆಯುತ್ತಿರುವ ಸಿನಿಮಾ. ಮೈ ಮಾರಿ ಬದುಕುವ ಒಬ್ಬಳು, ಅವಳು ಮನಸ್ಸು ಕೊಟ್ಟವನು, ಅವನು ಬಗೆಯುವ ದ್ರೋಹ. ಇಪ್ಪತ್ತೆರಡು ದಿನದ ಚಿತ್ರೀಕರಣದಲ್ಲಿ ಇಂದು ಹತ್ತೊಂಬತ್ತನೆಯದು. ದಿನಕ್ಕೆ ನಲವತ್ತು ಬಟ್ಟೆ ಇಸ್ತ್ರಿಯಾಗಬೇಕು, ಪಿನ್ನು ಗುಂಡಿಗಳಿಗೆ ಲೆಕ್ಕವಿಲ್ಲ. ಪಾತ್ರಗಳ ಚಪ್ಪಲಿಯೂ ಇವರ ಸುಪರ್ದಿಗೇ.

ನಿಜ ಹೇಳಬೇಕೆಂದರೆ ನಾನು ಬಂದದ್ದು ಪತ್ರಿಕೆಗೆಂದು ನಿರ್ದೇಶಕಿಯನ್ನು ಮಾತಾಡಿಸಲು. "ನನ್ನನ್ನೇನು ಕೇಳ್ತೀರಿ? ಹಿಂದಿನ ಕೋಣೆಗೆ ಹೋಗಿ" ಎಂದು ಆಕೆಯೇ ಇಲ್ಲಿಗೆ ಅಟ್ಟಿದರು.

"ಎಷ್ಟು ವರ್ಷದಿಂದ ಈ ಕೆಲಸ ಅಕ್ಕಾ?"

"ಇದಾ? ಒಂಬತ್ತು. ಅದಕ್ಕೂ ಮುಂಚೆ ಹನ್ನೊಂದು ವರ್ಷ, ಇವರು ಯಾವಳ ಮೇಲೆ ಸಿನಿಮಾ ಮಾಡ್ತಿದಾರೋ, ಅವಳ ಕೆಲಸ." ಕಾಲರ್ ತಿರುಗಿಸಿ ಒತ್ತುತ್ತಾರೆ. ನನ್ನ ಪೆನ್ನು ನಿಂತುಬಿಡುತ್ತದೆ. "ಬರ್ಕೊಳ್ಳಿ, ಪರವಾಗಿಲ್ಲ. ನಿನ್ನೆಯಿಂದ ಇಲ್ಲಿ ಎಲ್ಲಾರಿಗೂ ಗೊತ್ತು."

ನಿನ್ನೆ ಆದದ್ದಿಷ್ಟು. ನಾಯಕ ತನ್ನ ಗೆಳೆಯನನ್ನೇ ಗಿರಾಕಿಯಾಗಿ ಕರೆತರುವ ದೃಶ್ಯ. ನಾಯಕಿ ಕಿರುಚಿ ಕನ್ನಡಿ ಒಡೆಯಬೇಕು. ಮೂರು ಕನ್ನಡಿ ಪುಡಿಯಾದರೂ ನಿರ್ದೇಶಕಿಗೆ ಸಮಾಧಾನವಿಲ್ಲ. ಪಿನ್ನು ಕಚ್ಚಿಕೊಂಡು ಮೂಲೆಯಲ್ಲಿ ನಿಂತಿದ್ದ ಇಸ್ತ್ರಿಯಕ್ಕ ಪಿನ್ನು ತೆಗೆದು ಅಂದರಂತೆ: "ಯಾರೂ ಹಂಗೆ ಕೂಗಲ್ಲ ಮೇಡಂ. ಚಪ್ಪಲಿ ತಿರುಗಿಸ್ತಾರೆ."

ನಿಮಗೆ ಹೇಗೆ ಗೊತ್ತು ಎಂದು ಯಾರೋ ಕೇಳಿದ್ದಾರೆ. "ನಾನು ಅಲ್ಲಿದ್ದೆ" ಎಂದಿದ್ದಾರೆ ಇವರು. ಅವರಿಗೆ ಹೇಳಿದ್ದನ್ನೇ ಈಗ ನನಗೂ ಹೇಳುತ್ತಾರೆ:

"ಅಂಥ ಕೋಣೇಲಿ ಚಪ್ಪಲಿ ಯಾವಾಗ್ಲೂ ಬಾಗಿಲ ಕಡೆ ನೋಡ್ತಿರ್ಬೇಕು. ಗಲಾಟೆ ಆದ್ರೆ ಕಾಲು ತೂರಿಸಿ ಓಡೋಕೆ. ಮನಸ್ಸಿಗೆ ಹಿಡಿದವನು ಬಂದ್ರೆ ಮಾತ್ರ ಒಳಮುಖ ಇಡೋದು, ಇವತ್ತು ಓಡಲ್ಲ ಅಂತ. ನನ್ನೋನೂ ಒಂದಿನ ಗೆಳೆಯನ್ನ ಕರ್ಕೊಂಡು ಬಂದ. 'ಸ್ವಲ್ಪ ನೋಡ್ಕೋ' ಅಂದ. ನಾನು ಕೂಗ್ಲಿಲ್ಲ. ಚಪ್ಪಲಿ ತಿರುಗಿಸಿದೆ, ಅಷ್ಟೇ. ಆಮೇಲೆ ಒಂದಿನ ಮೆಟ್ಕೊಂಡು ಹೊರಟೇಬಿಟ್ಟೆ."

ನಿನ್ನೆ ಇದನ್ನು ಕೇಳಿ ನಿರ್ದೇಶಕಿ ಅಲ್ಲಿಗೇ ಚಿತ್ರೀಕರಣ ನಿಲ್ಲಿಸಿ, ನಾಳೆ ಹಾಗೇ ಮಾಡೋಣ ಎಂದರಂತೆ. ನಾಯಕಿ ಮಾತ್ರ ಇವರತ್ತ ನೋಡದೆ ಕಾರು ಹತ್ತಿದ್ದಾರೆ. ಇಸ್ತ್ರಿಯಕ್ಕನಿಗೆ ಅದೇ ಚಿಂತೆ. "ನಂದು ಮೈ ಮುಟ್ಟೋ ಕೆಲಸ. ಹುಕ್ಕು ಹಾಕ್ಬೇಕು, ನೆರಿಗೆ ಹಿಡೀಬೇಕು. ಹಿಂದೊಂದು ಕಡೆ ವಿಷಯ ಗೊತ್ತಾಗಿ, 'ಇವಳು ಮುಟ್ಟೋದು ಬೇಡ' ಅಂದ್ರು. ಅವತ್ತೇ ಮನೆಗೆ. ಬಾಯ್ಬಿಟ್ರೆ ಬಣ್ಣಗೇಡು ಅಂತ ಗೊತ್ತಿತ್ತು ರೀ. ಆದ್ರೂ ಆ ಸುಳ್ಳು ನೋಡ್ತಾ ನಿಂತ್ಕೊಳ್ಳೋಕೆ ಆಗ್ಲಿಲ್ಲ."

ಆರು ಗಂಟೆಗೆ ನಾಯಕಿ ಬರುತ್ತಾರೆ. ಇಸ್ತ್ರಿಯಕ್ಕ ಸೀರೆ ಹಿಡಿದು ನಿಂತಿದ್ದಾರೆ, ಮುಂದೆ ಹೋಗುತ್ತಿಲ್ಲ. ಅಯ್ಯೋ, ಏನಾದರೂ ಅನ್ನಬಾರದೇ ಎಂದು ನನಗನ್ನಿಸುತ್ತದೆ. ನಾಯಕಿ ಕೂದಲನ್ನು ಮುಂದಕ್ಕೆ ಹಾಕಿಕೊಂಡು ಬೆನ್ನು ಕೊಡುತ್ತಾರೆ.

"ಹುಕ್ಕು ಹಾಕಿ ಅಕ್ಕಾ. ಅದೂ... ಅವತ್ತು ಪಟ್ಟಂತ ತಿರುಗಿಸಿದ್ರಾ, ನಿಧಾನಕ್ಕಾ? ರಾತ್ರಿಯೆಲ್ಲಾ ಅದೇ ಯೋಚನೆ ನಂಗೆ."

"ನಿಧಾನಕ್ಕೇ ತಾಯಿ. ಅವನು ನೋಡ್ಲಿ ಅಂತ." ಒಂದೊಂದೇ ಹುಕ್ಕು ಕೂರುತ್ತದೆ.

ಸಿನಿಮಾ ಬಂದಾಗ ಏನಾಸೆ ಎಂದು ಕೇಳುತ್ತೇನೆ. "ಜನದ ಮಧ್ಯೆ ಕೂತು ನೋಡ್ಬೇಕು. ಎಲ್ಲಾ ಅವಳ ಮುಖ ನೋಡ್ತಾರೆ. ನಾನು ಚಪ್ಪಲಿ ನೋಡ್ತೀನಿ."

ಹೊರಡುವಾಗ ಹೊಸ್ತಿಲ ಬಳಿ ಮತ್ತೆ ಅದೇ ಜೊತೆ, ಇಸ್ತ್ರಿಯಕ್ಕನದು. ಈಗ ಒಳಮುಖ ಮಾಡಿದೆ. ನಾನು ನೋಡಿದ್ದನ್ನು ಅವರೂ ನೋಡುತ್ತಾರೆ.

"ಇನ್ನೂ ಮೂರು ದಿನದ ಕೆಲಸ ಇದೆಯಲ್ಲ" ಎಂದು ಇಸ್ತ್ರಿಪೆಟ್ಟಿಗೆ ಎತ್ತಿಕೊಳ್ಳುತ್ತಾರೆ. "ಎಲ್ಲಿಗೆ ಓಡ್ಲಿ?"