ಕಹಳೆಯ ಗಂಟಲಲ್ಲಿ ಬೆಳಕು

ತರಕಾರಿ ಮಂಡಿಯಲ್ಲಿ ಈರುಳ್ಳಿ ಹರಾಜು ಕೂಗುವ ಹೆಂಗಸಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಮಂಡಿಯವರು ಅದನ್ನು ಮರೆತು ಬಹಳ ಕಾಲವಾಗಿತ್ತು. ಎಲ್ಲರ ಬಾಯಲ್ಲೂ ಅವಳು ಕಹಳೆ. ಅವಳು ಮೂಟೆ ಹತ್ತಿ ನಿಂತು ಬಾಯಿ ತೆರೆದರೆ, ಗೇಟಿನಾಚೆ ಲಾರಿಯಲ್ಲಿ ಗೊರಕೆ ಹೊಡೆಯುತ್ತಿದ್ದ ಡ್ರೈವರೂ ದಡಬಡಿಸಿ ಎದ್ದು, ತನಗೆ ಬೇಡದ ಈರುಳ್ಳಿಗೆ ಬೆಲೆ ಕೂಗುತ್ತಿದ್ದನಂತೆ.

ಗಂಡ ಗಡಿಯಾರ ರಿಪೇರಿಯವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಸಂಜೆಯವರೆಗೆ ತುಟಿ ಬಿಚ್ಚದ ಆಸಾಮಿ. ಮದುವೆಯಾದ ಹೊಸತರಲ್ಲಿ ಎರಡು ಮೂರು ಸಲ ಮಾತಾಡಲು ನೋಡಿದ, ಸಂದು ಸಿಗದೆ ಕೈಬಿಟ್ಟ ಎಂದು ನೆರೆಯವರು ಹೇಳುತ್ತಿದ್ದರು.

ಇಂಥ ಕಹಳೆ ಒಂದು ಬೇಸಿಗೆಯಲ್ಲಿ ಸೊರಗತೊಡಗಿದಳು. ಹಾಕಿಕೊಂಡ ಬಟ್ಟೆ ಮೈಮೇಲೆ ಜೋತಾಡತೊಡಗಿತು. ಮೂಟೆ ಹತ್ತಿದರೆ ಏದುಸಿರು. ರಕ್ತ ಕಡಿಮೆ ಎಂದು ಕೊಟ್ಟ ಮಾತ್ರೆಗಳನ್ನೆಲ್ಲ ನುಂಗಿದ್ದಾಯಿತು, ಗುಣ ಕಾಣಲಿಲ್ಲ. ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಅವಳ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡಿದರೆ, ಅಲ್ಲೊಂದು ಗಡ್ಡೆ ಹಾಯಾಗಿ ಕೂತಿತ್ತು.

"ಗಡ್ಡೆ ಕೆಟ್ಟದ್ದೇ," ಎಂದರು ಡಾಕ್ಟರಮ್ಮ. "ಆದ್ರೆ ಬೇರೆ ಕಡೆ ಹರಡಿಲ್ಲ ಅಂದ್ರೆ ಕತ್ತರಿಸಿ ತೆಗೆದುಬಿಡಬಹುದು. ಹರಡಿದೆಯೋ ಇಲ್ವೋ ಗೊತ್ತಾಗೋಕೆ ಪೆಟ್ ಸ್ಕ್ಯಾನ್ ಆಗ್ಬೇಕು."

ಆ ಸ್ಕ್ಯಾನ್ ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ವಿಕಿರಣ ಹೊರಗೆ ಸೋರದಿರಲೆಂದು ಬಾಗಿಲಿಗೆ ಸೀಸದ ತಗಡು ಹೊಡೆದಿದ್ದರು. ಗಂಡ ಅದರಾಚೆಯೇ ಕೂರಬೇಕಾಯಿತು. ಬೋಳುತಲೆಯ ಟೆಕ್ನಿಷಿಯನ್ ಅವಳ ತೋಳಿಗೆ ಸೂಜಿ ಚುಚ್ಚುತ್ತ ವಿವರಿಸಿದ.

"ಇದರಲ್ಲಿರೋದು ಒಂಥರಾ ಸಕ್ಕರೆ ಕಣಮ್ಮ, ಚೂರು ವಿಕಿರಣ ಸೇರಿಸಿರ್ತೀವಿ. ಕ್ಯಾನ್ಸರ್ ಗಡ್ಡೆ ಅಂದ್ರೆ ಹೊಟ್ಟೆಬಾಕ. ಸಕ್ಕರೆ ಕಂಡ್ರೆ ಎಲ್ಲರಿಗಿಂತ ಮೊದಲು ನುಗ್ಗಿ ಗಬಗಬ ತಿನ್ನುತ್ತೆ. ತಿಂದ ಜಾಗ ಮಿಷಿನ್‌ನಲ್ಲಿ ದೀಪ ಹಚ್ಚಿದ ಹಾಗೆ ಕಾಣುತ್ತೆ."

"ಕಳ್ಳ ತಾನಾಗೇ ಸಿಕ್ಕಿಬೀಳ್ತಾನೆ ಅನ್ನಿ."

"ಹೂಂ. ಆದ್ರೆ ಕೆಲಸ ಮಾಡೋ ಸ್ನಾಯುಗಳೂ ಸಕ್ಕರೆ ತಿಂತಾವೆ. ಅದಕ್ಕೇ ಇನ್ನೊಂದು ಗಂಟೆ ಅಲ್ಲಾಡಬೇಡಿ, ಏನೂ ಅಗೀಬೇಡಿ, ಮಾತಂತೂ ಆಡಲೇಬೇಡಿ."

"ಒಂದು ಗಂಟೆ! ನಿದ್ದೇಲೂ ಅಷ್ಟು ಹೊತ್ತು ಸುಮ್ನಿರೋಳಲ್ಲ ನಾನು."

ಟೆಕ್ನಿಷಿಯನ್ ನಕ್ಕು, ದೀಪ ಸಣ್ಣ ಮಾಡಿ ಹೋದ.

ಕಹಳೆ ಪ್ರಾಮಾಣಿಕವಾಗಿಯೇ ತುಟಿ ಬಿಗಿದು ಕೂತಳು. ಆದರೆ ಅರ್ಧಗೋಡೆಯಾಚೆಯ ಕುರ್ಚಿಯಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ನಿಟ್ಟುಸಿರುಬಿಟ್ಟು ತಮ್ಮಷ್ಟಕ್ಕೇ ಗೊಣಗಿದರು: "ಮನೆಗೆ ಹೋಗ್ತಾ ಈರುಳ್ಳಿ ತರಬೇಕಂತೆ, ಅದೂ ನೋಡಿ ಆರಿಸಿ ತರಬೇಕಂತೆ. ಯಾವುದಾದ್ರೇನು, ಈರುಳ್ಳಿ ಎಲ್ಲಾ ಒಂದೇ."

ಬೇರೆ ಯಾವ ಮಾತಾಗಿದ್ದರೂ ಅವಳು ನುಂಗಿಕೊಳ್ಳುತ್ತಿದ್ದಳೇನೋ.

"ಎಲ್ಲಾ ಒಂದೇನಾ?" ಎಂದಳು.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಸಿಪ್ಪೆ ಯಾವುದು ಗಟ್ಟಿ, ಕುತ್ತಿಗೆ ಯಾವುದರದು ಮೆತ್ತಗೆ, ಮೂಟೆಯ ತಳದಲ್ಲಿ ಕೊಳೆತದ್ದನ್ನು ತುಂಬಿ ಮೇಲೆ ಚಿನ್ನದಂಥದ್ದನ್ನು ಜೋಡಿಸುವ ಖದೀಮರು ಯಾರು, ಎಲ್ಲ ಬಂತು. ಮೇಷ್ಟ್ರು ಬಡಪಾಯಿ, "ಹೌದಾ?" ಎಂದು ಕೇಳಿ ಬೆಂಕಿಗೆ ತುಪ್ಪ ಸುರಿದರು. ಕೊನೆಗೆ ಹರಾಜು ಕೂಗುವುದು ಹೇಗೆಂದು ಅವಳು ಒಂದು ಸಲ ಕೂಗಿಯೂ ತೋರಿಸಿದಳು, ತನ್ನ ಲೆಕ್ಕದಲ್ಲಿ ಮೆಲ್ಲಗೆ.

ಟೆಕ್ನಿಷಿಯನ್ ವಾಪಸು ಬಂದು, "ಮಾತಾಡಿಲ್ಲ ತಾನೇ?" ಎಂದ.

"ಒಂದಕ್ಷರ ಇಲ್ಲ." ಆಚೆ ಬದಿಯಲ್ಲಿ ಮೇಷ್ಟ್ರು ಕೆಮ್ಮಿದರು.

ಆ ವಾರದ ಕೊನೆಗೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಡಾಕ್ಟರಮ್ಮ ಕಂಪ್ಯೂಟರ್ ಪರದೆಯನ್ನು ಇವರತ್ತ ತಿರುಗಿಸಿದರು. ಹೊಟ್ಟೆಯಲ್ಲಿ ಗೋಲಿಯಷ್ಟು ಬೆಳಕು. ಅದು ಗೊತ್ತಿದ್ದದ್ದೇ. ಆದರೆ ಗಂಟಲು ಕುಲುಮೆಯ ಹಾಗೆ ಧಗಧಗ ಉರಿಯುತ್ತಿತ್ತು.

"ಗಂಟಲಿಗೂ ಬಂದಿರಬಹುದು ಅಂತ ಅನುಮಾನ," ಎಂದರು ಅವರು, ನಿಧಾನವಾಗಿ. "ಹಾಗಾದ್ರೆ ಹೊಟ್ಟೆ ಆಪರೇಷನ್ ಸದ್ಯಕ್ಕೆ ಬೇಡ, ದಾರಿಯೇ ಬೇರೆ. ಮೊದಲು ಗಂಟಲಿಂದ ಒಂದು ಚೂರು ತೆಗೆದು ಪರೀಕ್ಷೆ ಮಾಡ್ಬೇಕು. ಧ್ವನಿಗೆ ಏನೂ ಆಗಲ್ಲ ಅಂತ ನಾನು ಮಾತು ಕೊಡಲಾರೆ."

ಕಹಳೆ ತನ್ನ ಗಂಟಲನ್ನು ಮುಟ್ಟಿ ನೋಡಿಕೊಂಡಳು. ಗಡ್ಡೆ ಎಂದಾಗ ಅವಳು ಹೊಟ್ಟೆಯನ್ನು ಹೀಗೆ ಮುಟ್ಟಿಕೊಂಡಿರಲಿಲ್ಲ.

"ಒಂದು ವಿಷಯ," ಎಂದರು ಡಾಕ್ಟರಮ್ಮ. "ಸೂಜಿ ಹಾಕಿದ ಮೇಲೆ ಮಾತಾಡಿರಲಿಲ್ಲ ಅಲ್ವಾ?"

ಒಮ್ಮೆ ಹೇಳಿದ ಸುಳ್ಳು ತಾನಾಗಿಯೇ ಬಾಯಿಗೆ ಬಂತು. "ಇಲ್ಲ ಡಾಕ್ಟ್ರೇ."

"ಮಾತಾಡಿದ್ಲು."

ಇಬ್ಬರೂ ತಿರುಗಿ ನೋಡಿದರು. ಹೇಳಿದವನು ಗಡಿಯಾರದವನು.

"ನೀವು ಬಾಗಿಲಾಚೆ ಇದ್ರಲ್ಲ, ನಿಮಗೆ ಹೇಗೆ ಗೊತ್ತು?"

"ಆ ಸೀಸ ತಡೆಯೋದು ವಿಕಿರಣವನ್ನ ಮಾತ್ರ, ಡಾಕ್ಟ್ರೇ. ಇವಳ ಧ್ವನಿಗೆ ಅದು ಯಾವ ಲೆಕ್ಕ? ಈರುಳ್ಳಿ ಕೂಗಿದ್ದು ಕಾರಿಡಾರಿಗೆಲ್ಲ ಕೇಳಿಸ್ತು."

ಡಾಕ್ಟರಮ್ಮ ಗಂಭೀರವಾಗಿರಲು ನೋಡಿದರು, ಆಗಲಿಲ್ಲ. ಕಹಳೆ ಮಾತ್ರ ಕೆಂಡಾಮಂಡಲ. "ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದೋರು ಇವತ್ತು ತೆಗೆದ್ರಲ್ಲ, ಅದೂ ಚಾಡಿ ಹೇಳೋಕೆ!"

"ನಾನು ಸುಮ್ನಿದ್ರೆ ನಿನ್ನ ಗಂಟಲು ಕೊಯ್ತಿದ್ರಲ್ಲೇ," ಎಂದ ಗಂಡ. ಅವನ ಕಣ್ಣು ತುಂಬಿದ್ದನ್ನು ನೋಡಿ ಅವಳು ಬಾಯಿಗೆ ಬಂದ ಮುಂದಿನ ಬೈಗುಳವನ್ನು ನುಂಗಿಕೊಂಡಳು.

ಮತ್ತೊಮ್ಮೆ ಸ್ಕ್ಯಾನ್, ಈ ಸಲ ಕುತ್ತಿಗೆಯದಷ್ಟೇ. ಟೆಕ್ನಿಷಿಯನ್ ಸೂಜಿ ಹಾಕಿ, "ನಿಮ್ಮ ದಮ್ಮಯ್ಯ ಅಂತೀನಿ ಕಣಮ್ಮ," ಎಂದು ಕೈಮುಗಿದು ಹೋದ. ಅರ್ಧಗೋಡೆಯಾಚೆ ಯಾರನ್ನೂ ಕೂರಿಸಿರಲಿಲ್ಲ.

ಆ ಒಂದು ಗಂಟೆ ಕಹಳೆಯ ಪಾಲಿಗೆ ಒಂದು ಯುಗ. ಎಲ್ಲೋ ಫ್ಯಾನ್ ಗುರುಗುಟ್ಟುವುದು ಕೇಳಿಸಿತು. ಆಮೇಲೆ ತನ್ನದೇ ಎದೆ ಹೊಡೆದುಕೊಳ್ಳುವುದು. ಇಷ್ಟು ದಿನ ಮಾತಿನಡಿ ಹೂತಿಟ್ಟಿದ್ದ ಭಯವೆಲ್ಲ ಸದ್ದಿಲ್ಲದ್ದು ಕಂಡು ಎದ್ದು ಬಂದಿತು. ಸತ್ತರೆ ಇವರಿಗೆ ಸಾರಿಗೆ ಉಪ್ಪೆಷ್ಟು ಎಂದು ಹೇಳುವವರು ಯಾರು? ಅಂಗಡಿ ಮುಚ್ಚಲು ಮರೆತು ಕೂತರೆ ಕೂಗಿ ಕರೆಯುವವರು ಯಾರು? ಅಂಗಾತ ಮಲಗಿದ್ದವಳ ಕಣ್ಣೀರು ಕಣ್ಣಂಚಿನಿಂದ ಇಳಿದು ಕಿವಿಗೆ ಸೇರಿತು. ಒರೆಸಿಕೊಂಡರೆ ಅದೂ ಅಲ್ಲಾಡಿದ ಲೆಕ್ಕವೋ ಏನೋ ಗೊತ್ತಾಗದೆ ಹಾಗೇ ಬಿಟ್ಟಳು. ಕಿವಿಯಲ್ಲಿ ಕಚಗುಳಿಯಾಗಿ, ಅಳುವಿನ ನಡುವೆಯೇ ನಗು ಉಕ್ಕಿತು. ಅದನ್ನೂ ತಡೆದಳು.

ಚಿತ್ರ ಬಂತು. ಗಂಟಲು ಅಮಾವಾಸ್ಯೆಯಂತೆ ಕಪ್ಪು.

"ಏನೂ ಇಲ್ಲ," ಎಂದರು ಡಾಕ್ಟರಮ್ಮ. "ಹೋದ ಸಲ ಕಂಡಿದ್ದು ನಿಮ್ಮ ಈರುಳ್ಳಿ ವ್ಯಾಪಾರ."

ಮರುವಾರವೇ ಆಪರೇಷನ್ ಆಯಿತು. ಗಡ್ಡೆಯಿದ್ದ ಕರುಳಿನ ತುಂಡನ್ನು ತೆಗೆದು ಎರಡು ತುದಿ ಸೇರಿಸಿ ಹೊಲಿದರು. ಸುತ್ತ ಯಾವ ಗ್ರಂಥಿಗೂ ಅದು ತಾಗಿರಲಿಲ್ಲ. ಪ್ರಜ್ಞೆ ಬಂದ ಕೂಡಲೇ ಕಹಳೆ, ತೆಗೆದದ್ದನ್ನು ತೋರಿಸಿ ಎಂದು ಹಟ ಹಿಡಿದಳು. ಅದು ಪರೀಕ್ಷೆಗೆ ಹೋಗಿದೆ ಎಂದರೆ, "ನನ್ನ ಮಾಲು, ನಾನೇ ನೋಡದೆ ಹೇಗೆ ಸಾಗಿಸಿದ್ರಿ?" ಎಂದು ನರ್ಸಿನ ಜೊತೆ ಜಗಳಕ್ಕಿಳಿದಳು.

ಹೊಟ್ಟೆಯ ಹೊಲಿಗೆ ಮಾಗುವವರೆಗೆ ಕೂಗುವಂತಿರಲಿಲ್ಲ. ಅಷ್ಟು ದಿನವೂ ಅವಳು ಗಂಡನ ಅಂಗಡಿಯಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಬಂದ ಗಿರಾಕಿಗಳಿಗೆಲ್ಲ ತನ್ನ ಲೆಕ್ಕದ ಪಿಸುದನಿಯಲ್ಲಿ ಕರುಳಿನ ಕತೆ ಹೇಳಿದಳು. ಒಬ್ಬಾತ ಅದನ್ನು ಕೇಳಿ ಮುಖ ಹುಳ್ಳಗೆ ಮಾಡಿಕೊಂಡು, ಕೊಟ್ಟ ಗಡಿಯಾರ ವಾಪಸು ತೆಗೆದುಕೊಳ್ಳದೆ ಹೋದ. ಗಡಿಯಾರದವನು ಭೂತಗನ್ನಡಿ ತೆಗೆದು ಅವಳನ್ನೇ ನೋಡಿದ.

"ಇನ್ನೂ ಸ್ವಲ್ಪ ಮೆಲ್ಲಗೆ ಹೇಳು," ಎಂದ, "ಗಿರಾಕಿ ಓಡಿಹೋದ."