ಷಡ್ಡಕನ ಭೂತಗನ್ನಡಿ

ನನ್ನ ಹೆಂಡತಿಯ ಸೂಜಿದಾರದ ತಗಡಿನ ಡಬ್ಬಿಯಲ್ಲಿ, ಬಣ್ಣಬಣ್ಣದ ಗುಂಡಿಗಳು, ತುಕ್ಕು ಹಿಡಿದ ಪಿನ್ನುಗಳು, ಜೊತೆ ಕಳೆದುಕೊಂಡ ಒಂದು ಓಲೆ ಇವುಗಳ ನಡುವೆ, ಹಿತ್ತಾಳೆಯ ಎರಡು ಪುಟ್ಟ ಭೂತಗನ್ನಡಿಗಳಿವೆ. ಮಡಚಿದರೆ ಬೆಂಕಿಪೊಟ್ಟಣದೊಳಗೆ ಅಡಗುತ್ತವೆ. ಬಿಡಿಸಿ ಬಟ್ಟೆಯ ಮೇಲೆ ನಿಲ್ಲಿಸಿ ಕಣ್ಣಿಟ್ಟರೆ ಒಂದಂಗುಲದೊಳಗಿನ ಎಳೆಗಳನ್ನೆಲ್ಲ ಒಂದೊಂದಾಗಿ ಎಣಿಸಬಹುದು. ಮಗ್ಗದ ಸದ್ದಿಲ್ಲದೆ ಬೆಳಗಾಗದ ನಮ್ಮ ದೊಡ್ಡಬಳ್ಳಾಪುರದಲ್ಲಿ ಇಂಥ ಕನ್ನಡಿ ಇರುವುದೇನೂ ಹೆಚ್ಚುಗಾರಿಕೆಯಲ್ಲ. ಆದರೆ ಈ ಎರಡರಲ್ಲಿ ಒಂದು ನನ್ನದು, ಇನ್ನೊಂದು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ ಗೋಪಾಲಪ್ಪನದು. ಅವನದು ಮೊದಲು ಬಂದದ್ದು. ನನ್ನದು, ಅವನ ಬಳಿ ಇದೆಯೆಂಬ ಒಂದೇ ಕಾರಣಕ್ಕೆ ನಾನು ಬೆಂಗಳೂರಿಗೆ ಬಸ್ಸು ಹತ್ತಿ ಹೋಗಿ ತಂದದ್ದು.

ಓದುಗ ಮಿತ್ರರೇ, ಜಗತ್ತಿನ ಹೊಟ್ಟೆಕಿಚ್ಚುಗಳಲ್ಲೆಲ್ಲ ಷಡ್ಡಕರ ಹೊಟ್ಟೆಕಿಚ್ಚಿಗೆ ಒಂದು ವಿಶೇಷ ಘನತೆಯಿದೆ. ಅಣ್ಣತಮ್ಮಂದಿರು ಕಿತ್ತಾಡಿ ಬೇರೆಯಾಗಬಹುದು, ನೆರೆಯವರು ಗೋಡೆ ಎತ್ತರಿಸಿಕೊಳ್ಳಬಹುದು. ಷಡ್ಡಕರು ಮಾತ್ರ ಪ್ರತಿ ಹಬ್ಬಕ್ಕೂ ಅತ್ತೆಯ ಮನೆಯಲ್ಲಿ ಒಂದೇ ಸಾಲಿನಲ್ಲಿ ಎಲೆಯ ಮುಂದೆ ಕೂತು, ಪಕ್ಕದ ಎಲೆಗೆ ಬಿದ್ದ ಒಬ್ಬಟ್ಟಿನ ಗಾತ್ರವನ್ನು ಓರೆಗಣ್ಣಿನಿಂದ ಅಳೆಯುತ್ತ, ಮುಖದಲ್ಲಿ ನಗು ಇಟ್ಟುಕೊಂಡೇ ಉಣ್ಣಬೇಕು. ನಾನು ಹಿರಿಯಳಿಯ, ಅವನು ಕಿರಿಯಳಿಯ. ನನಗೆ ಮೂಗಿನ ತುದಿಯಲ್ಲೇ ಕೋಪ, ಅವನಿಗೆ ಕೋಪವೇ ಬಾರದು. ನಾನು ಮಾತಿನವನು, ಅವನು ಕೇಳಿದರಷ್ಟೇ ಬಾಯಿ ತೆರೆಯುವವನು. ಅವನು ಕೆಟ್ಟವನಾಗಿದ್ದರೆ ನನ್ನ ಬದುಕು ಎಷ್ಟೋ ಹಗುರವಾಗುತ್ತಿತ್ತು. ಅವನಲ್ಲಿ ದೂರಲು ಏನೂ ಸಿಗುತ್ತಿರಲಿಲ್ಲವೆಂಬುದೇ ನನ್ನ ದೊಡ್ಡ ದೂರು.

ಈಗ ಹೇಳಹೊರಟಿರುವುದು ಅರವತ್ತರ ದಶಕ ಮುಗಿಯುವ ಹೊತ್ತಿನ ಮಾತು. ನಮ್ಮಿಬ್ಬರ ಮನೆಗಳಲ್ಲೂ ಒಂದೊಂದು ವಿದ್ಯುತ್ ಮಗ್ಗವಿತ್ತು. ಒಂದು ಬೆಳಿಗ್ಗೆ ನಾನು ಹೊಸ ಹಾಸು ಕೆಚ್ಚುತ್ತ ಕೂತಿದ್ದೆ. ಹಾಸು ಎಂದರೆ ಬಟ್ಟೆಯ ಉದ್ದಕ್ಕೆ ಓಡುವ ಎಳೆಗಳು. ಹಳೆಯ ಹಾಸು ಮುಗಿದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸದರ ಒಂದೊಂದು ಎಳೆಯನ್ನು, ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಹೊಸೆದು ಸೇರಿಸುವುದೇ ಕೆಚ್ಚುವುದು. ಸಾವಿರಾರು ಎಳೆ, ಸಾವಿರಾರು ಹೊಸೆತ. ಮನಸ್ಸು ಒಂದು ಕಡೆ ಇರಬೇಕಾದ ಕೆಲಸ. ಆ ಹೊತ್ತಿಗೆ ಸರಿಯಾಗಿ ನಮ್ಮತ್ತೆ ಬಂದು ಹೊಸ್ತಿಲ ಮೇಲೆ ಕೂತರು.

"ಗೋಪಾಲಪ್ಪ ಇನ್ನೊಂದು ಮಗ್ಗ ಹಾಕ್ತಾವ್ರಂತೆ ಕಣಮ್ಮ," ಎಂದರು ಮಗಳಿಗೆ, ನನಗೆ ಕೇಳುವಷ್ಟು ಜೋರಾಗಿ. "ನೋಡು, ಸದ್ದಿಲ್ದಂಗೆ ಹೆಂಗ್ ಮೇಲಕ್ಕೆ ಬಂದ್ಬಿಟ್ರು!"

ನನ್ನ ಬೆರಳುಗಳು ಹೊಸೆಯುತ್ತಲೇ ಇದ್ದವು. ಮನಸ್ಸು ಮಾತ್ರ ಷಡ್ಡಕನ ಮನೆಗೆ ಹೋಗಿ, ಎರಡನೆಯ ಮಗ್ಗ ಎಲ್ಲಿ ಹಾಕುತ್ತಾನೆ, ಹಿಂದಿನ ಗೋಡೆ ಒಡೆಸುತ್ತಾನೋ ಹೇಗೆ ಎಂದು ಅಳತೆ ಹಿಡಿಯುತ್ತಿತ್ತು. ಮಗ್ಗ ಓಡಿಸಿ ಒಂದೂವರೆ ಗಜ ನೇಯ್ದ ಮೇಲೆ ಕಣ್ಣು ಬಿಟ್ಟು ನೋಡಿದರೆ, ನೀಲಿಯ ನಡುವೆ ಜೋಡಿಯಾಗಿ ಓಡಬೇಕಿದ್ದ ಎರಡು ಕೆಂಪು ಎಳೆಗಳಲ್ಲಿ ಒಂದು ದಾರಿ ತಪ್ಪಿ, ಮೂರು ಎಳೆಯಾಚೆಗೆ, ನೀಲಿಯ ನಡುವೆ ಒಂಟಿಯಾಗಿ ಹೋಗುತ್ತಿತ್ತು. ಆ ಒಂದೂವರೆ ಗಜವನ್ನು ಕತ್ತರಿಸಿದೆ, ಎಳೆಗಳನ್ನು ಸರಿಪಡಿಸಿದೆ, ಮತ್ತೆ ನೇಯ್ದೆ. ಅಷ್ಟಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನನ್ನ ಕೈಯಲ್ಲಿ ಎಳೆ ತಪ್ಪುವುದೇ ಇಲ್ಲವೆಂದು ಊರೆಲ್ಲ ಕೊಚ್ಚಿಕೊಂಡಿದ್ದ ನಾನು, ಆ ತುಂಡು ಗೋಪಾಲಪ್ಪನ ಕಣ್ಣಿಗೆ ಬೀಳಬಾರದೆಂದು, ನೂಲಿನ ಮೂಟೆ ತಂದು ಬೀದಿಯಲ್ಲಿ ಎತ್ತಿಗೆ ನೀರು ಕುಡಿಸುತ್ತಿದ್ದ ಮರಿಸ್ವಾಮಿಯ ಗಾಡಿಯೊಳಕ್ಕೆ, ಅವನು ಅತ್ತ ತಿರುಗಿದ್ದಾಗ ಎಸೆದುಬಿಟ್ಟೆ. ಮಾರನೆಯ ದಿನದಿಂದ ಅದು ಅವನ ಕೊರಳಲ್ಲಿತ್ತು. ಗಾಡಿ ಹೊಡೆಯುವವನು ಎಳೆ ನೋಡುತ್ತಾನೆಯೇ ಎಂದು ನಾನು ನೆಮ್ಮದಿಯಾಗಿದ್ದೆ.

ಮರಿಸ್ವಾಮಿಯ ಕೈ ಬಲು ಕೆಟ್ಟದ್ದು. ಎತ್ತಿಗೆ ಬೀಸಿದಷ್ಟೇ ಸಲೀಸಾಗಿ ಹೆಂಡತಿಗೂ ಬೀಸುತ್ತಿದ್ದ. ಬಿಡಿಸಲು ಹೋದವನೊಬ್ಬನ ಮುಂಗೈ ಮುರಿದಿದ್ದ. ಸಾಕ್ಷಿ ಹೇಳಲು ಬೀದಿಯಲ್ಲಿ ಒಬ್ಬರಿಗೂ ಧೈರ್ಯ ಬಂದಿರಲಿಲ್ಲ, ನನಗೂ ಕೂಡ. ಕೊನೆಗೆ ಧೈರ್ಯ ಮಾಡಿದವಳು ನಮ್ಮ ಬೀದಿಯ ಕೊನೆಯಲ್ಲಿ ಒಂಟಿಯಾಗಿದ್ದು, ಮಗ್ಗದ ಲಾಳಿಯೊಳಗಿಡುವ ಕಂಡಿಕೆಗಳಿಗೆ ನೂಲು ಸುತ್ತಿಕೊಟ್ಟು ಬದುಕುತ್ತಿದ್ದ ಮುನಿಯಮ್ಮ. ಮೈಯೆಲ್ಲ ಬಾಸುಂಡೆಯಾಗಿ ಬಂದ ಅವನ ಹೆಂಡತಿಯನ್ನು ಎರಡು ದಿನ ಮನೆಯಲ್ಲಿಟ್ಟುಕೊಂಡು, ಪಕ್ಕದ ಹಳ್ಳಿ ಮಧುರೆಯಲ್ಲಿದ್ದ ತವರಿಗೆ ತಾನೇ ಬಸ್ಸು ಹತ್ತಿಸಿ ಬಂದಳು. ಅದಾಗಿ ಒಂದು ವಾರಕ್ಕೆ, ಮಟಮಟ ಮಧ್ಯಾಹ್ನ, ಎಲ್ಲ ಮಗ್ಗಗಳೂ ಓಡುತ್ತಿದ್ದು ಯಾರ ಕೂಗು ಯಾರಿಗೂ ಕೇಳದ ಹೊತ್ತಿನಲ್ಲಿ, ಯಾರೋ ಒಳಗೆ ನುಗ್ಗಿ ಅವಳ ತಲೆ ಒಡೆದು ಹೋದರು. ಅವಳು ಬದುಕಿದ್ದೇ ಪುಣ್ಯ. ಆದರೆ ಆ ದಿನದ ನೆನಪೇ ಅವಳಿಂದ ಅಳಿಸಿಹೋಗಿತ್ತು. ಬಿಗಿಹಿಡಿದ ಅವಳ ಮುಷ್ಟಿಯೊಳಗೆ ಅಂಗೈಯಗಲದ ಒಂದು ನೀಲಿ ಬಟ್ಟೆಯ ಚೂರು ಮಾತ್ರ ಸಿಕ್ಕಿತ್ತು.

ಪೊಲೀಸರು ಮರಿಸ್ವಾಮಿಯನ್ನು ಹಿಡಿದರು. ಅವನು ತನಗೇನೂ ಗೊತ್ತಿಲ್ಲವೆಂದ. ಕೊರಳಿನ ಬಟ್ಟೆ ಅವನ ಮನೆಯಲ್ಲಿ ಸಿಗಲಿಲ್ಲ, ಒಲೆಗೆ ಹಾಕಿದ್ದನೋ ಏನೋ. ಆಗ ಇನ್ಸ್‌ಪೆಕ್ಟರು ಬಟ್ಟೆ ಬಲ್ಲವರಾರು ಎಂದು ಊರಲ್ಲಿ ವಿಚಾರಿಸಿದರಂತೆ. ಊರು ಗೋಪಾಲಪ್ಪನ ಹೆಸರು ಹೇಳಿತು. ಅವನನ್ನು ಕರೆದೊಯ್ಯಲು ಜೀಪು ಬಂತು! ನಮ್ಮ ಮನೆಯ ಮುಂದೆಯೇ, ನಮ್ಮ ಬಾಗಿಲಿಗೆ ದೂಳೆಬ್ಬಿಸಿಕೊಂಡು, ಗೋಪಾಲಪ್ಪ ಮುಂದಿನ ಸೀಟಿನಲ್ಲಿ ಕೂತು ಹೋದ. ಒಬ್ಬ ಹೆಂಗಸು ಆಸ್ಪತ್ರೆಯಲ್ಲಿ ಸಾವುಬದುಕಿನ ನಡುವೆ ಇದ್ದಾಗ ನನ್ನ ಹೊಟ್ಟೆ ಉರಿದದ್ದು ಜೀಪಿನ ಮುಂದಿನ ಸೀಟಿಗಾಗಿ. ನಾಚಿಕೆಯಾಗುತ್ತದೆ, ಆದರೂ ಇದ್ದದ್ದನ್ನು ಹೇಳುತ್ತಿದ್ದೇನೆ.

"ಏನಪ್ಪಾ, ಏನ್ ನೋಡ್ದೆ ಅಲ್ಲಿ?" ಎಂದು ಕೇಳಿದೆ.

"ಹೇಳಂಗಿಲ್ಲ ಅಣ್ಣಾ. ಕೇಸಿನ ವಿಷ್ಯ," ಎಂದ.

ಬಾಯಿಗೆ ಬೀಗ ಹಾಕಿಕೊಂಡವನು ಎರಡು ದಿನ ಬಿಟ್ಟು ಸಂಜೆ ತಾನೇ ಬಂದ. ಕಾಫಿ ಲೋಟವನ್ನು ಅಂಗೈಯಲ್ಲಿ ತಿರುಗಿಸುತ್ತ, ನೆಲ ನೋಡುತ್ತ ಕೇಳಿದ: "ಅಣ್ಣಾ, ತಪ್ಪು ತಿಳ್ಕೊಬೇಡಿ. ಈಚೆಗೆ ನಿಮ್ ಮಗ್ಗದಾಗೆ ಏನಾದ್ರೂ ಎಳೆ ತಪ್ಪಿತ್ತಾ?"

"ನನ್ ಮಗ್ಗದಾಗಾ? ಲೇ, ಎರಡ್ ಮಗ್ಗ ಆದ ತಕ್ಷಣ ನಂಗೇ ನೇಯೋದ್ ಹೇಳ್ಕೊಡೋಕ್ ಬಂದ್ಯಾ? ನನ್ ಕೈಯಾಗೆ ಎಳೆ ತಪ್ಪಲ್ಲ ಕಣೋ!"

ಅವನು ಲೋಟ ಕೆಳಗಿಟ್ಟು, "ಆಯ್ತಣ್ಣ, ಬರ್ತೀನಿ" ಎಂದು ಎದ್ದುಹೋದ. ನನ್ನ ತುಂಡಿನ ಸುದ್ದಿ ಹೇಗೋ ತಿಳಿದು ಆಡಿಕೊಳ್ಳಲು ಬಂದಿದ್ದಾನೆಂದೇ ನಾನು ತಿಳಿದೆ. ನಿಜವಾಗಿ ಹಾಗೆಯೇ ತಿಳಿದಿದ್ದೆನೇ? ಮರಿಸ್ವಾಮಿಯನ್ನು ಠಾಣೆಗೆ ಎಳೆದೊಯ್ದ ದಿನ ಅವನ ಕೊರಳು ಬರಿದಾಗಿದ್ದುದನ್ನು ನಾನು ಕಂಡಿದ್ದೆನಲ್ಲ? ಈ ಪ್ರಶ್ನೆಯನ್ನು ಎಷ್ಟೋ ವರ್ಷಗಳಿಂದ ನನಗೆ ನಾನೇ ಕೇಳಿಕೊಂಡಿದ್ದೇನೆ. ಮನುಷ್ಯನಿಗೆ ಗೊತ್ತಿದ್ದೂ ಗೊತ್ತಿಲ್ಲದಂತೆ ಇಟ್ಟುಕೊಳ್ಳಲು ಒಳಗೊಂದು ಕತ್ತಲೆಕೋಣೆ ಇರುತ್ತದೆ. ನನ್ನದರ ಕದಕ್ಕೆ ಹೊಟ್ಟೆಕಿಚ್ಚು ಒಳಗಿನಿಂದ ಅಗುಳಿ ಹಾಕಿತ್ತು.

ವಿಚಾರಣೆ ಬೆಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ ನಡೆಯಿತು. ಪ್ರಯೋಗಾಲಯದಿಂದ ಬಂದ ಕನ್ನಡಕದ ಯುವಕನೊಬ್ಬ, ಚೂರಿನ ಮೇಲಿದ್ದ ರಕ್ತ ಮುನಿಯಮ್ಮನ ರಕ್ತದ ಗುಂಪಿನದೇ ಎಂದೂ, ಎಳೆಗಳ ಸಂದಿನಲ್ಲಿ ಗಾಡಿಯ ಕೀಲೆಣ್ಣೆ ಇದೆಯೆಂದೂ ಹೇಳಿದನಂತೆ. ಆಮೇಲೆ ಗೋಪಾಲಪ್ಪ, ಚೂರಿನಲ್ಲಿ ಒಂದು ಕೆಂಪೆಳೆ ದಾರಿ ತಪ್ಪಿದೆ, ಆ ಬಟ್ಟೆ ಯಾವ ಮಗ್ಗದ್ದೆಂದು ಗೊತ್ತಾದರೆ ಯಾರ ಕೈ ಸೇರಿತ್ತೆಂಬುದೂ ಗೊತ್ತಾಗುತ್ತದೆ, ಏಕೆಂದರೆ ಇಂಥ ದೋಷವನ್ನು ನೇಯುವವನು ಗಜ ಎರಡು ಗಜದೊಳಗೆ ಸರಿಪಡಿಸದೆ ಬಿಡನು, ಹಾಗಾಗಿ ಇಂಥ ಬಟ್ಟೆ ಇದ್ದರೆ ಒಂದೇ ತುಂಡು ಇರಬೇಕು ಎಂದು ಹೇಳಿದನಂತೆ. 'ಅಂತೆ' ಎನ್ನುತ್ತಿರುವುದೇಕೆಂದರೆ ಆಗ ನಾನು ಹೊರಗೆ ಬೆಂಚಿನ ಮೇಲಿದ್ದೆ. ಹೌದು, ನಾನೂ ಸಾಕ್ಷಿಯೇ, ಆದರೆ ಮರಿಸ್ವಾಮಿಯ ಕಡೆಯ ಸಾಕ್ಷಿ. ಗೋಪಾಲಪ್ಪನಿಗೆ ಬಟ್ಟೆಯ ಗಂಧವೇ ಗೊತ್ತಿಲ್ಲವೆಂದು ನಾನು ಹೋಟೆಲಿನಲ್ಲಿ ಕೂತು ಆಡಿದ ಮಾತು ಮರಿಸ್ವಾಮಿಯ ವಕೀಲರ ಕಿವಿಗೆ ಬಿದ್ದಿತ್ತು.

"ನೀವೇನೂ ಸುಳ್ಳು ಹೇಳ್ಬೇಕಿಲ್ಲ ಯಜಮಾನ್ರೇ," ಎಂದಿದ್ದರು ವಕೀಲರು. "ಎಳೆ ತಪ್ಪೋದು ಎಲ್ಲಾ ಮಗ್ಗದಲ್ಲೂ ಇದ್ದಿದ್ದೇ ಅಂತ ಒಂದ್ ಮಾತು ಹೇಳಿ, ಸಾಕು. ಗಾಡಿಗಳೂ ಊರ್ತುಂಬಾ ಇವೆ."

ಊರ ಮುಂದೆ, ನ್ಯಾಯಾಧೀಶರ ಮುಂದೆ, ಗೋಪಾಲಪ್ಪನ ಮಾತನ್ನು ಹೊಡೆದುಹಾಕುವ ಅವಕಾಶ! ಒಗೆದ ಪಂಚೆ ಉಟ್ಟು, ನನ್ನ ಹೊಸ ಭೂತಗನ್ನಡಿಯನ್ನು ಜೇಬಿಗಿಳಿಸಿಕೊಂಡು ಹೋಗಿದ್ದೆ. ಕಟಕಟೆ ಹತ್ತಿದವನೇ, ಹೇಳಬೇಕಾದ ಒಂದು ಮಾತನ್ನು ಹೇಳಿ ಇಳಿಯದೆ, ಬಟ್ಟೆಯನ್ನು ಒಮ್ಮೆ ನೋಡುತ್ತೇನೆಂದು ಗತ್ತಿನಿಂದ ಕೇಳಿದೆ. ಗೋಪಾಲಪ್ಪ ನೋಡಿದ್ದನಲ್ಲ, ನಾನೂ ನೋಡಬೇಡವೇ? ವಕೀಲರ ಹುಬ್ಬು ಗಂಟಿಕ್ಕಿತು, ನ್ಯಾಯಾಧೀಶರು ಆಗಲೆಂದರು.

ಕನ್ನಡಿ ನಿಲ್ಲಿಸಿ ಕಣ್ಣಿಟ್ಟೆ. ನೀಲಿಯ ನಡುವೆ ಒಂಟಿ ಕೆಂಪೆಳೆ. ಅದರ ಮೇಲೆ, ಹಾಸಿನ ಮೊದಲ ಬಟ್ಟೆಯಲ್ಲಿ ಮಾತ್ರ ಕಾಣುವ ಕೆಚ್ಚಿನ ಸಾಲು, ಅದಕ್ಕೆ ಇನ್ನೂ ಅಂಟಿಕೊಂಡಿದ್ದ ಬೂದಿಯ ಮಬ್ಬು. ಒಂದೊಂದು ಹೊಸೆತವೂ ಉಳಿದವರ ಹೊಸೆತಕ್ಕೆ ತಿರುಗುಮುರುಗಾಗಿ ಸುತ್ತಿತ್ತು. ನಾನು ಎಡಚ, ಮಿತ್ರರೇ. ನನ್ನ ಹೊಸೆತ ಹಾಗೆಯೇ ಸುತ್ತುವುದು. ಗೋಪಾಲಪ್ಪ ಆ ಸಂಜೆ ನೆಲ ನೋಡುತ್ತ ಕೇಳಿದ್ದೇಕೆಂದು ಆಗ ತಿಳಿಯಿತು.

ತಲೆಯೆತ್ತಿದೆ. ಗೋಪಾಲಪ್ಪ ಹಿಂದಿನ ಬೆಂಚಿನಲ್ಲಿ ಕೂತು ಮತ್ತೆ ನೆಲವನ್ನೇ ನೋಡುತ್ತಿದ್ದ. ಅವನ ಪಕ್ಕದಲ್ಲಿ ಮುನಿಯಮ್ಮ, ಹೊಲಿಗೆ ಹಾಕಲು ಬೋಳಿಸಿದ್ದ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಮರಿಸ್ವಾಮಿ ಬಿಡುಗಡೆಯಾದರೆ ಅವನು ಮೊದಲು ಹೋಗುವುದು ಅವಳ ಮನೆಗೋ, ಮಧುರೆಗೋ ಎಂಬುದಷ್ಟೇ ಉಳಿದಿದ್ದ ಪ್ರಶ್ನೆ. ಅಷ್ಟು ಗಂಭೀರವಾದ ಗಳಿಗೆಯಲ್ಲಿಯೂ ನನ್ನ ಮನಸ್ಸಿಗೆ ಮೊದಲು ಬಂದದ್ದು, ಅತ್ತೆಗೆ ಈ ಸುದ್ದಿ ಯಾರು ಮೊದಲು ಮುಟ್ಟಿಸುತ್ತಾರೋ ಎಂಬ ಹಾಳು ಯೋಚನೆ.

"ಏನು, ಇಂಥ ತಪ್ಪು ಎಲ್ಲ ಮಗ್ಗದಲ್ಲೂ ಆಗುತ್ತದೆಯೇ?" ಎಂದರು ವಕೀಲರು.

"ಬೇರೆ ಮಗ್ಗದ್ದು ನಂಗೊತ್ತಿಲ್ಲ ಸ್ವಾಮಿ," ಎಂದೆ. "ಇದು ನನ್ ಮಗ್ಗದ್ದು. ತಪ್ಪು ನಂದೇ. ನಾಚ್ಕೆಗೆ ಬಚ್ಚಿಡೋಕಂತ ಮರಿಸ್ವಾಮಿ ಗಾಡಿಗೆ ಎಸ್ದಿದ್ದೆ. ಮಾರ್ನೆ ದಿನದಿಂದ ಅವ್ನ ಕೊಳ್ಳಾಗೇ ಇತ್ತು. ದಿನಾ ನೋಡ್ತಿದ್ದೆ."

ಸರ್ಕಾರಿ ವಕೀಲರು ಎದ್ದು, ಇದನ್ನು ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದರು. ಹೊಟ್ಟೆಕಿಚ್ಚಿಗೆ ಎಂದೆ. ಅದನ್ನು ಬರೆದುಕೊಳ್ಳುತ್ತಿದ್ದ ಗುಮಾಸ್ತ ಒಂದು ಕ್ಷಣ ಬೆರಳು ನಿಲ್ಲಿಸಿ ನನ್ನ ಮುಖ ನೋಡಿದ. ಆ ಮಾತು ಬರಹಕ್ಕೆ ಇಳಿಯಿತೋ ಇಲ್ಲವೋ ನನಗೆ ತಿಳಿಯದು. ಮರಿಸ್ವಾಮಿಗೆ ಏಳು ವರ್ಷ ಕಠಿಣ ಶಿಕ್ಷೆಯಾಯಿತು.

ಆಮೇಲೆ ಅನೇಕ ಸಲ ಯೋಚಿಸಿದ್ದೇನೆ. ಹೊಟ್ಟೆಕಿಚ್ಚಿನಿಂದ ಎಳೆ ತಪ್ಪಿಸಿದೆ, ಹೊಟ್ಟೆಕಿಚ್ಚಿನಿಂದ ಬಚ್ಚಿಟ್ಟೆ, ಹೊಟ್ಟೆಕಿಚ್ಚಿನಿಂದ ಸುಳ್ಳಾಡಿದೆ, ಕೊನೆಗೆ ಹೊಟ್ಟೆಕಿಚ್ಚಿನಿಂದಲೇ ಕನ್ನಡಿ ತೆಗೆದು ನೋಡಿದೆ. ಆ ಪ್ರಯೋಗಾಲಯದ ಯುವಕ ರಕ್ತವನ್ನೂ ಕೀಲೆಣ್ಣೆಯನ್ನೂ ಯಾರ ಮೇಲೂ ಪ್ರೀತಿಯಿಲ್ಲದೆ, ದ್ವೇಷವಿಲ್ಲದೆ ನೋಡಿದ್ದ. ನಾನು ಉರಿಯುತ್ತ ನೋಡಿದೆ. ಬಟ್ಟೆ ಮಾತ್ರ ಇಬ್ಬರಿಗೂ ಇದ್ದದ್ದನ್ನೇ ಹೇಳಿತು. ವಸ್ತುಗಳಿಗೆ ಷಡ್ಡಕರಿರುವುದಿಲ್ಲ, ಅದಕ್ಕೇ ಅವುಗಳ ಸಾಕ್ಷಿ ಕೆಡುವುದಿಲ್ಲವೇನೋ.

ಇಷ್ಟಾದ ಮೇಲೆ ನನ್ನ ಹೊಟ್ಟೆ ತಣ್ಣಗಾಯಿತೆಂದು ನೀವು ತಿಳಿದಿದ್ದರೆ ನಿಮ್ಮದು ಒಳ್ಳೆಯ ಮನಸ್ಸು. ಆ ವರ್ಷದ ಯುಗಾದಿಗೆ ಮುನಿಯಮ್ಮ ನಮ್ಮ ಮನೆಗೆ ಬಂದಳು. ತಲೆಯಲ್ಲಿ ಬೆರಳುದ್ದ ಕೂದಲು ಬಂದಿತ್ತು. ನನ್ನ ಎರಡೂ ಕೈಗಳನ್ನು ಹಿಡಿದು ಹೇಳಿದಳು: "ಅವ್ರು ಸರ್ಯಾಗಿ ನೋಡಿದ್ರು, ನೀನು ತಪ್ಪಾಗಿ ನೇಯ್ದಿದ್ದೆ. ನಂಗೆ ಎರಡೂ ಬೇಕಾಗಿತ್ತು ಕಣಣ್ಣ." ನನ್ನ ಕಣ್ಣು ತುಂಬಿತು. ತುಂಬಿದ ಕಣ್ಣಿನಲ್ಲೇ ಗಮನಿಸಿದೆ, ಇಲ್ಲಿಯೂ ಗೋಪಾಲಪ್ಪನದೇ ಮಾತು ಮೊದಲು, ಅದೂ 'ಅವ್ರು' ಎಂದು. ನಾನು ಬರಿಯ 'ನೀನು'.

ಗೋಪಾಲಪ್ಪ ಆ ವಿಷಯವನ್ನು ನನ್ನ ಮುಂದಾಗಲಿ ಅತ್ತೆಯ ಮುಂದಾಗಲಿ ಒಮ್ಮೆಯೂ ಎತ್ತಲಿಲ್ಲ. ಹೋದ ವರ್ಷ ಅವನು ತೀರಿಕೊಂಡಾಗ, ನಾದಿನಿ ಅವನ ಭೂತಗನ್ನಡಿ ತಂದು ನನ್ನ ಕೈಯಲ್ಲಿಟ್ಟು, "ಇದು ಅಣ್ಣಂಗೇ ಸೇರ್ಬೇಕು ಅಂತಿದ್ರು, ಭಾವ" ಎಂದಳು. ಅಂದಿನಿಂದ ಎರಡೂ ಒಂದೇ ಡಬ್ಬಿಯಲ್ಲಿವೆ. ಪತ್ರಿಕೆಯ ಸಣ್ಣಕ್ಷರ ಓದಲು ಒಂದನ್ನು ತೆಗೆಯುವಾಗ, ಯಾರೂ ಹತ್ತಿರವಿಲ್ಲವೆಂದು ನೋಡಿಕೊಂಡು, ಎರಡನ್ನೂ ಒಂದೇ ಅಕ್ಷರದ ಮೇಲಿಟ್ಟು ಹೋಲಿಸಿದ್ದೇನೆ, ಒಂದು ಸಲವಲ್ಲ, ಹತ್ತು ಸಲ. ಅವನದರಲ್ಲಿ ಅಕ್ಷರ ಕೊಂಚ ದೊಡ್ಡದಾಗಿ ಕಾಣುತ್ತದೆ. ಆಗೆಲ್ಲ ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಏಳುತ್ತದೆ, ಈ ಉರಿ ಹಂಚಿಕೊಳ್ಳಬೇಕಾದವನೇ ಈಗಿಲ್ಲವಲ್ಲ ಎನಿಸುತ್ತದೆ, ಅವನ ಕನ್ನಡಿಯಲ್ಲಿ ಕೂಡ ಅಕ್ಷರಗಳು ಮಸುಕಾಗುತ್ತವೆ.