ಕಹಿಸೊಪ್ಪಿನ ಮೊದಲ ನೀರು

ನನ್ನ ವಾರಗಿತ್ತಿ ಒಬಿದಿಯ ತೊಳೆದ ಕಹಿಸೊಪ್ಪೆಂದರೆ ನಮ್ಮೂರ ನ್ಕ್ವೊ ಸಂತೆಯಲ್ಲಿ ಹೆಸರುವಾಸಿ. ಒನುಗ್ಬು ಎನ್ನುವ ಈ ಸೊಪ್ಪನ್ನು ನೀರಿಗೆ ಹಾಕಿ ಅಂಗೈ ಉರಿಯುವಷ್ಟು ಉಜ್ಜಬೇಕು, ಹಸಿರು ನೊರೆಯನ್ನು ಚೆಲ್ಲಬೇಕು, ಹಿಂಡಿ ಮತ್ತೆ ಉಜ್ಜಬೇಕು. ಕಡಿಮೆ ತೊಳೆದರೆ ಗಂಡಸರು ಬಟ್ಟಲು ದೂಡುತ್ತಾರೆ. ಹೆಚ್ಚು ತೊಳೆದರೆ ಹುಲ್ಲು ತಿಂದ ಹಾಗಿರುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಅವಳ ಕೈಗೇ ಗೊತ್ತಿತ್ತು. ನಾನು ತೊಳೆದದ್ದನ್ನು ಮೂಸಿ ನೋಡಿ, ಮೇಕೆಗೆ ಹಾಕು ಎನ್ನುವಳು. ಜಂಭದವಳೇ, ಆದರೆ ಹೇಳಿದ್ದು ಸುಳ್ಳಾಗಿರುತ್ತಿರಲಿಲ್ಲ.

ಅವಳ ಗಂಡ ಉದೆಂಬ, ನನಗೆ ಭಾವ, ತಾಳೆಮರ ಹತ್ತಿ ಹೆಂಡ ಇಳಿಸುತ್ತಿದ್ದರು. ಅವರ ತೊಡೆಗಳನ್ನು ನೋಡಿ ಹುಡುಗರು ಮರವೇ ಮರ ಹತ್ತಿದೆ ಎಂದು ನಗುತ್ತಿದ್ದರು. ಅಂಥವರ ಹೊಟ್ಟೆಯಲ್ಲಿ ಗೆಡ್ಡೆ ಇದೆ, ಕ್ಯಾನ್ಸರು, ಕೊಯ್ದು ತೆಗೆಯುವ ಹಾಗಿಲ್ಲ ಎಂದು ಎನುಗು ಪಟ್ಟಣದ ಡಾಕ್ಟರು ಹೇಳಿದರು. ನೋವಿನ ಮಾತ್ರೆ ಕೊಟ್ಟು, ಬಾಯಿಗೆ ಸೇರಿದ್ದನ್ನು ಸ್ವಲ್ಪಸ್ವಲ್ಪವಾಗಿ ಉಣ್ಣಿಸಿ ಎಂದು ಕಳಿಸಿದರು.

ಆಮೇಲೆ ಬಂದವನು ಬೇರುಮದ್ದಿನ ಅನೆಕೆ. ಭಾವನ ಹೆಂಡವನ್ನು ಪುಕ್ಕಟೆ ಕುಡಿದು ಬೆಳೆದ ಹೊಟ್ಟೆ ಅವನದು.

"ಅವನಿಗೆ ಹಾಕೋ ತುತ್ತೆಲ್ಲ ಗೆಡ್ಡೆಗೇ ಹೋಗ್ತದೆ ಕಣಮ್ಮ," ಎಂದ. "ಅದನ್ನ ಉಪವಾಸ ಕೆಡವು. ಸೊಪ್ಪಿನ ಮೊದಲ ನೀರು ಕುಡಿಸು. ಮದ್ದೆಲ್ಲ ನೊರೇಲಿದೆ, ನೀನು ಜೀವಮಾನವೆಲ್ಲ ಅದನ್ನೇ ಚೆಲ್ಲಿದೀಯ."

ಈ ಕೊನೆಯ ಮಾತು ಒಬಿದಿಯಳ ಎದೆಗೆ ನಾಟಿತು. ಜ್ವರಕ್ಕೆ, ಹುಳುವಿಗೆ ನಾವೆಲ್ಲ ಆ ನೀರು ಕುಡಿದವರೇ. ಆ ಸೊಪ್ಪಿನ ಸತ್ವ ಕ್ಯಾನ್ಸರನ್ನು ಕೊಲ್ಲುತ್ತದಂತೆ ಎಂದು ಪಕ್ಕದ ಮನೆಯವನೊಬ್ಬ ಫೋನಿನಲ್ಲಿ ಓದಿ ಹೇಳಿದ. ಗಂಡನ ಆಯುಸ್ಸನ್ನೇ ಅಂಗಳಕ್ಕೆ ಚೆಲ್ಲಿಬಿಟ್ಟೆನೆಂದು ಅವಳು ಹೆದರಿದಳು. ಅಂದಿನಿಂದ ಭಾವನಿಗೆ ಮರಗೆಣಸಿನ ಮುದ್ದೆ ಇಲ್ಲ, ಮೀನಿಲ್ಲ, ಬೆಳಗ್ಗೆ ಸಂಜೆ ಆ ಹಸಿರು ನೀರು, ಅದರ ಮೇಲೊಂದಿಷ್ಟು ಗಂಜಿತಿಳಿ. ಅವರು ಕಣ್ಣುಮುಚ್ಚಿ ಕುಡಿಯುತ್ತಿದ್ದರು. ನಾನು ಮೊಟ್ಟೆ ಬೇಯಿಸಿಕೊಂಡು ಹೋದರೆ ಅವಳು ಬಾಗಿಲಲ್ಲೇ ತಡೆದಳು. ನಾವಿಬ್ಬರೂ ಕೇರಿಗೆಲ್ಲ ಕೇಳಿಸುವ ಹಾಗೆ ಜಗಳವಾಡಿದೆವು.

ಧೂಳಿನ ಗಾಳಿಯ ಕಾಲ ಬರುವ ಹೊತ್ತಿಗೆ ಭಾವನ ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಬೆಳಗ್ಗೆ ಅವರು ಮರ ಹತ್ತುವ ಹಗ್ಗ ತೆಗೆದುಕೊಂಡು ಹಿತ್ತಲ ಗಿಡ್ಡ ತಾಳೆಮರದ ಹತ್ತಿರ ಹೋದರು. ಹಗ್ಗ ಬಿಗಿದು ಕಾಲಿಟ್ಟರು. ಕಾಲು ಗಡಗಡ ನಡುಗಿತು, ಮೈ ಮೇಲೇಳಲೇ ಇಲ್ಲ. ಕಾಂಡವನ್ನು ತಬ್ಬಿಕೊಂಡು ಅಲ್ಲೇ ಕುಸಿದರು. ಎತ್ತಲು ಹೋದ ನನಗೆ ಬಗಲಲ್ಲಿ ಬರೀ ಮೂಳೆ ಸಿಕ್ಕಿತು. ಒಬಿದಿಯ ಮಾತ್ರ, ಗೆಡ್ಡೆಯೂ ಹೀಗೇ ಸೊರಗುತ್ತಿರಬೇಕು ಅಲ್ಲವಾ ಎಂದು ನನ್ನನ್ನು ಮತ್ತೆ ಮತ್ತೆ ಕೇಳಿದಳು.

ಮಾತ್ರೆ ಕೊಡಲು ಬಂದ ನರ್ಸಮ್ಮ ಭಾವನ ತೊಡೆಯನ್ನು ಮುಟ್ಟಿ ನೋಡಿ, ಏನು ಉಣ್ಣಿಸುತ್ತಿದ್ದೀರಿ ಎಂದು ಕೇಳಿದರು. ಒಬಿದಿಯ ಎಲ್ಲ ಹೇಳಿದಳು, ಫೋನಿನ ಸುದ್ದಿಯನ್ನೂ ಸೇರಿಸಿ. ನರ್ಸಮ್ಮ ಬೈಯಲಿಲ್ಲ. ನಾನಾಗಿದ್ದರೆ ಬೈಯುತ್ತಿದ್ದೆ.

"ಅದನ್ನ ಲ್ಯಾಬಿನ ಗಾಜಿನ ತಟ್ಟೇಲಿ ಪರೀಕ್ಷೆ ಮಾಡಿರ್ತಾರಮ್ಮ. ನಿನ್ನ ಗಂಡ ತಟ್ಟೆ ಅಲ್ವಲ್ಲ," ಎಂದರು. "ನೀನು ಹಾಕದಿದ್ರೂ ಗೆಡ್ಡೆ ಉಣ್ತದೆ. ಅವರ ತೊಡೆ ತಿಂತದೆ, ತೋಳು ತಿಂತದೆ."

ಉಂಡರೆ ಹೋದ ಮಾಂಸವೆಲ್ಲ ಮರಳಿ ಬರುವುದಿಲ್ಲ, ಉಣ್ಣದಿದ್ದರೆ ಉಳಿದದ್ದೂ ಬೇಗ ಹೋಗುತ್ತದೆ ಎಂದರು. ಸೊಪ್ಪನ್ನು ಸಾರಿಗೆ ಹಾಕು, ಜೊತೆಗೆ ಮೀನೂ ಇರಲಿ ಎಂದು ಹೇಳಿ ಹೋದರು.

ಒಬಿದಿಯ ಸೊಪ್ಪು ತಂದು ತೊಳೆಯತೊಡಗಿದಳು. ಉಜ್ಜಿದಳು, ಹಿಂಡಿದಳು, ಮತ್ತೆ ಉಜ್ಜಿದಳು. ಅವಳ ಕೈಗೆ ನಿಲ್ಲಿಸುವುದೇ ಮರೆತುಹೋಗಿತ್ತು. ಕಡೆಗೆ ಒಂದು ಎಸಳನ್ನು ನನ್ನ ಮುಂದೆ ಹಿಡಿದು, ಕಹಿ ಇದೆಯಾ ನೋಡೆಂದಳು. ನನ್ನನ್ನು ಕೇಳಿದಳು, ಈ ನನ್ನನ್ನು! ಆಗ ನನಗೆ ನಿಜವಾಗಿ ಭಯವಾಯಿತು.

ಕೆಸುವಿನ ಗೆಡ್ಡೆ ಅರೆದು ಹಾಕಿ, ಒಣಮೀನು ಸೇರಿಸಿ ಸಾರು ಮಾಡಿದಳು. ಬಡಿಸುವಾಗ ಸೌಟು ಬಟ್ಟಲಿನ ಮೇಲೇ ನಿಂತುಬಿಟ್ಟಿತು. ತಾನು ಉಣ್ಣಿಸುತ್ತಿರುವುದು ಹೊಟ್ಟೆಯ ಗೆಡ್ಡೆಗೋ ಗಂಡನಿಗೋ, ಅವಳಿಗಿನ್ನೂ ತಿಳಿದಿರಲಿಲ್ಲ. ಭಾವ ಸೌಟನ್ನು ಮೆಲ್ಲಗೆ ಬಗ್ಗಿಸಿಕೊಂಡರು. ಗೋಲಿಯಷ್ಟು ಮುದ್ದೆಯನ್ನು ಅದ್ದಿ ನುಂಗಿದರು.

"ಜಾಸ್ತಿ ತೊಳ್ದಿದೀಯ," ಎಂದರು.

ಅವಳು ಅಳುತ್ತಾ ಕೇಳಿದಳು: "ಹಸಿವಾಗ್ತಿರ್ಲಿಲ್ವ ನಿಮ್ಗೆ? ಆ ನೀರು ಬೇಡ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

"ಆಗ್ತಿತ್ತು. ಲೋಟ ತರುವಾಗ ನಿನ್ನ ಕೈ ನಡುಗ್ತಿತ್ತಲ್ಲ, ನಾನು ಕುಡಿದ್ಮೇಲೆ ನಿಲ್ತಿತ್ತು."

ಅವಳು ಇನ್ನೊಂದು ಸೌಟು ಹಾಕಿದಳು. ಕೈ ನಡುಗುತ್ತಲೇ ಇತ್ತು.